ಅರವತ್ತೆರಡು ನಿಮಿಷದ ಮಾಗಡಿ ಕೆರಿ

ಡಿಸೆಂಬರ್ 2, 2024, ಸೋಮವಾರ

ಇವತ್ತ ಮಧ್ಯಾಹ್ನ ಸಿದ್ದಲಿಂಗಕ್ಕನ ಹಾರ್ಮೋನಿಯಂ ಪೇಟಿ ನಮ್ಮ ಮನಿಗೆ ಬಂತು. ಅಕ್ಕ ಬರಲಿಲ್ಲ. ಅಕಿ ಮಗ ವೀರು ತನ್ನ ಟಂಟಂ ಆಟೋದಾಗ ಹೇರಿಕೊಂಡು ಬಂದು ಪಡಸಾಲಿಯೊಳಗ ಇಳಿಸಿದ. "ಚಿಗವ್ವಾ, ಇದನ್ನ ನೀನ ಇಟ್ಕೋಬೇಕಂತ. ಯಾರಿಗರ ಕೊಡೂದಾದ್ರ ಕೊಡಬೇಕಂತ. ಕಣ್ಣ ಮುಂದ ಇರೂದು ಬ್ಯಾಡ ಅಂದಾಳ ಅವ್ವ" ಅಂದ. ಚಹಾ ಕುಡದು ಹೋಗು ಅಂದ್ರೂ ನಿಲ್ಲಲಿಲ್ಲ.

ಹೊಸ ನೋಟಬುಕ್ಕು ಇದು. ಮೊದಲ ಪುಟದಾಗ ಎಲ್ಲಾ ಸರಿಯಾಗಿ ಬರದು ಇಡಬೇಕು. ಮೂರನೇತ್ತೆಗೆ ಶಾಲಿ ಬಿಟ್ಟಾಕಿ ನಾನು. ತವರಿಗೆ ಕಾಗದ ಬರದು ಬರದು ಅಕ್ಷರ ಕಲತೆ. ಈಗ ಕಾಗದ ಓದವರು ಯಾರೂ ಉಳದಿಲ್ಲ, ಎಲ್ಲಾರೂ ಫೋನ್ ಮಾಡತಾರ. ಅದಕ್ಕ ನನಗ ನಾನ ಬರಕೋತೀನಿ.

ಸಿದ್ದಲಿಂಗಕ್ಕ ನನ್ನ ನೆಗೆಣ್ಣಿ, ಭಾವನ ಹೆಂಡತಿ. ಎರಡು ಓಣಿ ಆಚೆ ಮನಿ. ನಮ್ಮ ಬೆಟಗೇರಿ ಹೆಣ್ಣುಮಕ್ಕಳ ಭಜನಿ ಮೇಳಕ್ಕ ಇಪ್ಪತ್ತೆರಡು ವರ್ಷ ಪೇಟಿ ಬಾರಿಸಿದಾಕಿ ಅಕಿನ. ಹಾಡಿಗೆ ಮುಂದ ನಿಲ್ಲಾಕಿ ನಾನು, ತಾಳಕ್ಕ ದುರಗವ್ವ, ಹಿಮ್ಮೇಳಕ್ಕ ಮತ್ತ ಮೂರು ಮಂದಿ. ದೀಪಾವಳಿಗೆ ಒಂದು ವಾರ ಮೊದಲು ಅಕ್ಕ ಬಟ್ಟಿ ಒಗಿಯೋ ಕಲ್ಲಿನ ಹತ್ತಿರ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಕೊಂಡಳು. ಮೊನ್ನೆ ಪ್ಲಾಸ್ಟರ್ ಬಿಚ್ಚಿದರು. ಎಲುಬು ಕೂಡೇತಿ, ಬೆರಳು ಮಾತ್ರ ಮಡಚವಲ್ಲವು.

ಫೆಬ್ರವರಿ ಒಂಬತ್ತಕ್ಕ ಮುಂಡರಗಿಯೊಳಗ ಭಜನಿ ಮೇಳಗಳ ಸಮ್ಮೇಳನ ಐತಿ. ನಮ್ಮನ್ನೂ ಕರದಾರ. ಮೂರು ಪದ ಹಾಡಬೇಕು. ಮೊನ್ನೆ ಅಕ್ಕನ್ನ ನೋಡಾಕ ಹೋದಾಗ, "ನೀ ಚಿಂತಿ ಮಾಡಬ್ಯಾಡಕ್ಕ, ಬ್ಯಾರೆ ಯಾರನ್ನರ ಪೇಟಿಗೆ ಕುಂದರಸ್ಕೊಂಡು ಹೋಗತೀವಿ" ಅಂದೆ. ಅಕಿಗೆ ಸಮಾಧಾನ ಆಗಲಿ ಅಂತ ಅಂದದ್ದು. ಅದರಾಗ ತಪ್ಪು ಏನೈತಿ?

ಪೇಟಿ ಇಳಿಸಿ ವೀರು ಹೋದ ಮ್ಯಾಲ ಫೋನ್ ಹಚ್ಚಿದೆ. ಅಕ್ಕ "ಹೂಂ" ಅಂದು ಸುಮ್ಮನಾದಳು. ಸುಮ್ಮನಿರೋ ಫೋನ್ ಹಿಡಕೊಂಡು ಕುಂದ್ರೋದು ನನ್ನ ಕೈಲೆ ಆಗೂದಿಲ್ಲ. ಹವಾ, ಮೆಂತ್ಯಪಲ್ಯ, ದುರಗವ್ವನ ಮೊಣಕಾಲು ಅಂತ ಏನೇನೋ ಮಾತಾಡಿ ನಾನ ಇಟ್ಟುಬಿಟ್ಟೆ.

ಅಕ್ಕ ತಿರುಗಿ ಪೇಟಿಗೆ ಕುಂದರಬೇಕು. ಇಲ್ಲಂದ್ರ ಮೇಳ ಉಳಿಯೂದಿಲ್ಲ. ಇದೊಂದು ನನಗ ಗೊತ್ತು.

ಡಿಸೆಂಬರ್ 5, ಗುರುವಾರ

ಅಕ್ಕ ಬಿದ್ದ ಮ್ಯಾಲ ಇದ ಮೊದಲ ಭಜನಿ, ಪೇಟಿ ಬಾರಸವರು ಇಲ್ಲ. ದುರಗವ್ವ ಒಂದು ಯುಕ್ತಿ ತಂದಿದ್ದಳು. ಪೇಟಿಯ ಒಂದು ಮನಿ, ಅಂದ್ರ ಕೀ, ಒತ್ತಿ ಅದರ ಸಂದಿಗೆ ಬೆಂಕಿಕಡ್ಡಿ ಸಿಕ್ಕಿಸಿದ್ರ ಅದು ಒತ್ತಿದಂಗ ನಿಲ್ಲತೈತಿ, ತಿದಿ ಒಂದ ಒತ್ತಕೋತ ಇದ್ದರ ಶ್ರುತಿ ಆತು. ತಿದಿ ಒತ್ತಾಕ ನಾ ಕುಂತೆ.

ಹಾಡಕೋತ ತಿದಿ ಒತ್ತೋದು ನನಗ ಬರೂದಿಲ್ಲ ಅಂತ ಅರವತ್ತಾರನೇ ವರ್ಷಕ್ಕ ತಿಳಿತು. ಪದ ಮ್ಯಾಲ ಹೋದಾಗ ಕೈ ನಿಲ್ಲತೈತಿ, ಪದ ನಿಂತಾಗ ಕೈ ಓಡತೈತಿ. ಹೊರಗ ಕಟ್ಟಿ ಮ್ಯಾಲ ಪೇಪರ್ ಓದಕೋತ ಕುಂತಿದ್ದ ನಮ್ಮ ಮನಿಯವರು, "ಯಾರ ಎಮ್ಮಿ ಅದು? ಕರ ಸಿಗವಲ್ದೇನು?" ಅಂತ ಕೇಳಿದರು. ದುರಗವ್ವ ನಕ್ಕು ನಕ್ಕು ತಾಳ ಕೆಳಗಿಟ್ಟಳು. ಹಿಮ್ಮೇಳದವರು ಒಬ್ಬೊಬ್ಬರ ಕುಂತು ನೋಡಿದರು, ಅದ ಹಣೆಬರಹ.

ಆಮ್ಯಾಲ ಫೋನಿನ್ಯಾಗ ಶ್ರುತಿಪೆಟ್ಟಿಗಿ ಹಚ್ಚಿದ್ವಿ. ಕರಿ ಒಂದಕ್ಕ, ಅಂದ್ರ ಮೊದಲ ಕರಿ ಮನಿಯ ಶ್ರುತಿಗೆ, ಇಟ್ಟರ ಕೊರಳು ಕೆಳಗ ಎಳದಂಗ, ಕರಿ ಎರಡಕ್ಕ ಇಟ್ಟರ ಮ್ಯಾಲ ಎಳದಂಗ. ಅಕ್ಕನ ಪೇಟಿ ಹಳೇದು. ಅದರ ಕರಿ ಎರಡು ಇಳದು ಇಳದು ಎರಡರ ನಡುವ ಎಲ್ಲೋ ನಿಂತೈತಿ. ನಮ್ಮ ಕೊರಳೂ ಅದರ ಜೋಡಿನ ಇಪ್ಪತ್ತೆರಡು ವರ್ಷ ಇಳದು ಅಲ್ಲೇ ಕುಂತಾವು. ಜಗತ್ತಿನ ಯಾವ ಯಂತ್ರಕ್ಕೂ ಆ ಜಾಗ ಗೊತ್ತಿಲ್ಲ.

ಜಲ್ದಿ ಮುಗಿಸಿ ಮಂಡಕ್ಕಿ ತಿಂದು ಎದ್ವಿ.

ಡಿಸೆಂಬರ್ 8, ರವಿವಾರ

ಲಕ್ಷ್ಮೇಶ್ವರದಿಂದ ಸುನಿತಾ ಬಂದಿದ್ದಳು, ನನ್ನ ತಮ್ಮನ ಮಗಳು. ಮದಿವಿ ಆರ್ಕೆಸ್ಟ್ರಾದಾಗ ಕೀಬೋರ್ಡ್ ಬಾರಸತಾಳ. ಎರಡು ವರ್ಷದ ಹಿಂದ ಪುಣೆಯಿಂದ ಯಾರೋ ವಾಪರಿಸಿ ಬಿಟ್ಟ ಒಂದು ಹಳೇ ಸಿಂಥಸೈಸರ್ ತಂದಳು. ಮೈತುಂಬ ಗುಂಡಿ, ತಿರುವಣಿ. ಅವರಪ್ಪ ಅದಕ್ಕ "ಹೆಲಿಕಾಪ್ಟರ್" ಅಂತಾನ. ಅದರ ಮ್ಯಾಲ ಒಂದು ಆಲ್ಬಂ ಮಾಡಿ ಮುಗಸ್ಯಾಳಂತ. ಹೆಸರು "ಮಾಗಡಿ ಕೆರಿ". ನನ್ನ ಫೋನಿಗೆ ಹಾಕಿಕೊಟ್ಟಳು.

"ಎಷ್ಟು ಹಾಡದಾವವಾ ಇದರಾಗ?" ಅಂದೆ.

"ಹಾಡಿಲ್ಲತ್ತಿ. ಒಂದ. ಅರವತ್ತೆರಡು ನಿಮಿಷ."

"ಹಾಡವರು?"

"ಯಾರೂ ಹಾಡೂದಿಲ್ಲ."

"ತಬಲಾ?"

"ಇಲ್ಲತ್ತಿ."

"ಮತ್ತ ಏನ ಆಗತೈತಿ ಅದರಾಗ?"

"ಬೆಳಕ ಹರಿತೈತಿ" ಅಂದಳು.

ಪರದೇಶದಾಗ ಐವತ್ತು ವರ್ಷದಿಂದ ಹಿಂಗ ಮಾಡತಾರಂತ, ತಾಸುಗಟ್ಟಲೆ ಒಂದ ಗುಂಗು. ಹುಬ್ಬಳ್ಳಿಯೊಳಗ ಕಲಿಯಾಕ ಇದ್ದಾಗ ಯಾರೋ ಅಂಥದೊಂದು ಕೇಳಿಸಿದ್ರಂತ. ಕೇಳಿದ ದಿನ ಊಟಾ ಮರತು ಕುಂತಿದ್ಲಂತ. ಅವತ್ತ ಹತ್ತಿದ ಗುಂಗು ಇನ್ನೂ ಬಿಟ್ಟಿಲ್ಲ.

"ಮನಿಯವರು ಯಾರೂ ಕಡೀತನಕ ಕೇಳಿಲ್ಲತ್ತಿ. ಅಪ್ಪ ಮೂರು ನಿಮಿಷಕ್ಕ ಎದ್ದು ಹೋದ. ನೀನರ ಕೇಳಿ ಹೇಳು."

ಕೇಳತೀನಿ ಅಂತ ಮಾತು ಕೊಟ್ಟೆ. ಅಕಿ ಹೋದ ಮ್ಯಾಲ ಹಚ್ಚಿದೆ. ಒಂದ ಸ್ವರ. ಅದ ಸ್ವರ. ಮತ್ತೂ ಅದ ಸ್ವರ. ನಡುವ ಎಲ್ಲೋ ನೀರು ತುಳುಕಿದಂಗ. ಗ್ವಾಡಿ ಆಚೆ ಮಗ್ಗದ ನೂಲಿನ ಕಂಡಿಕಿ ಸುತ್ತಾಕತ್ತಿದ್ದ ಬಾಜೂಮನಿ ಲಾಲಬಿ ರಾಟಿ ನಿಲ್ಲಿಸಿ ಬಾಗಲಕ್ಕ ಬಂದಳು.

"ಅಕ್ಕಾರ, ನಿಮ್ಮ ಫ್ರಿಜ್ ಕೆಟ್ಟೈತೇನ್ರಿ?"

"ಇಲ್ಲವಾ, ಸುನಿತಾನ ಸಂಗೀತ."

ಲಾಲಬಿ ಸ್ವಲ್ಪ ಹೊತ್ತು ನಿಂತು ಕೇಳಿ, "ಚಲೋ ಐತ್ರಿ. ಆದರ ಫ್ರಿಜ್ ಒಮ್ಮೆ ತೋರಸ್ರಿ" ಅಂದು ಹೋದಳು.

ಒಂಬತ್ತು ನಿಮಿಷಕ್ಕ ಹಾಲು ಉಕ್ಕಿತು. ಎದ್ದೆ.

ಡಿಸೆಂಬರ್ 12, ಗುರುವಾರ

ಇವತ್ತ ಒಂದು ಚಮತ್ಕಾರ ಆತು.

ಭಜನಿಗೆ ಎಲ್ಲಾರೂ ಬರೋ ಮೊದಲು ಸುನಿತಾನ ಗುಂಗು ಹಚ್ಚಿಕೊಂಡು ಕಡ್ಲಿಬ್ಯಾಳಿ ಆರಸಾಕ ಕುಂತಿದ್ದೆ. ಮಾತು ಕೊಟ್ಟೀನಲ್ಲ, ಕೇಳಬೇಕು. ದುರಗವ್ವ ಬಂದು ಕುಂತು, ಏನೋ ಗುನುಗಿದಳು. ನಾ ಅದಕ್ಕ ಕೂಡಿಸಿದೆ. ಇಬ್ಬರೂ ಒಬ್ಬರ ಮಾರಿ ಒಬ್ಬರು ನೋಡಿದ್ವಿ. ಕೊರಳು ಕೆಳಗೂ ಎಳಿಯವಲ್ದು, ಮ್ಯಾಲಕೂ ಎಳಿಯವಲ್ದು. ತನ್ನ ಜಾಗಾಕ್ಕ ತಾನ ಹೋಗಿ ಕುಂತಿತು.

ಭಜನಿ ಮುಗದ ಮ್ಯಾಲ ಸುನಿತಾಗ ಫೋನ್ ಮಾಡಿದೆ. "ಆ ಸ್ವರ ಎಲ್ಲಿಂದ ತಂದಿ?"

"ತರೂದೇನತ್ತಿ, ಸಣ್ಣಾಕಿದ್ದಾಗ ಸೂಟಿಗೆ ಬಂದಾಗೆಲ್ಲ ಸಿದ್ದತ್ತಿ ಪೇಟಿ ಮುಂದ ಕುಂದರತಿದ್ದೆ. ನನ್ನ ಕಿವಿಯೊಳಗ ಸ್ವರ ಅಂದ್ರ ಅದ. ಯಂತ್ರಾನ ಅಲ್ಲಿಗೆ ಇಳಿಸೀನಿ."

ಭಜನಿಗೆ ಅದನ್ನ ಹಚ್ಚಿಕೊಂಡು ಹಾಡಿದ್ವಿ ಅಂದದ್ದಕ್ಕ ಹುಡುಗಿ "ಖರೇನ?" ಅಂತ ಎರಡು ಸಲ ಕೇಳಿದಳು. ಆಮ್ಯಾಲ, "ಅತ್ತಿ, ಒಂದು ನೆನಪಿಟ್ಕೋ. ಇಪ್ಪತ್ತೈದು ನಿಮಿಷ ಅದು ಅಲ್ಲೇ ಇರತೈತಿ. ಆಮ್ಯಾಲ ಸಾವಕಾಶ ಮ್ಯಾಲ ಏರತೈತಿ. ಏರೂದು ಗೊತ್ತ ಆಗೂದಿಲ್ಲ. ಅಷ್ಟರಾಗ ನಿಮ್ಮ ಪದ ಮುಗೀಬೇಕು" ಅಂದಳು.

ಮೂರು ಪದ ಅಂದ್ರ ಇಪ್ಪತ್ನಾಕು ನಿಮಿಷ. ಮನಿಯವರು ಗಡಿಯಾರ ಹಿಡಕೊಂಡು ನೋಡಿದರು. ಒಂದು ನಿಮಿಷ ಉಳೀತು. ಮುಂಡರಗಿ ಚಿಂತಿ ಹೋತು.

ಡಿಸೆಂಬರ್ 19, ಗುರುವಾರ

ಅಕ್ಕನ ಮನಿಗೆ ಹೋಗಿದ್ದೆ. ಫೋನಿನ್ಯಾಗ ಶ್ರುತಿ ಸಿಕ್ಕೈತಿ, ನೀ ಸುಮ್ಮನ ಬಂದು ಕುಂತರೂ ಸಾಕು ಅಂದೆ. ನಾಕು ಸಲ ಅಂದೆ. ಅಕ್ಕ ಎಡಗೈಲೆ ಅವರಿಕಾಯಿ ಸುಲಿಯೋದು ಬಿಡಲಿಲ್ಲ.

"ಫೋನ್ ಸಿಕ್ಕೈತೆಲ್ಲ, ಮತ್ತ್ಯಾಕ ನಾನು?" ಅಂದಳು.

ನಾ ಏನು ಅಂದರೂ ತಿರುವುಮುರುವು ಆಗತೈತಿ.

ಡಿಸೆಂಬರ್ 30, ಸೋಮವಾರ, ಎಳ್ಳ ಅಮಾಸಿ

ಅಸುಂಡಿ ಹೊಲಕ್ಕ ಭೂತಾಯಿಗೆ ಊಟದ ಚರಗ ಚೆಲ್ಲಾಕ ಎರಡೂ ಮನಿಯವರು ವೀರುನ ಟಂಟಂನ್ಯಾಗ ಹೋಗಿದ್ವಿ. ಕಡ್ಲಿ ಮೊಣಕಾಲಿಗೆ ಬಂದೈತಿ, ಜ್ವಾಳ ತೆನಿ ಹಿಡದೈತಿ. ಸಜ್ಜಿ ರೊಟ್ಟಿ, ಎಣಗಾಯಿ, ಪುಂಡಿಪಲ್ಯ, ಎಳ್ಳ ಹೋಳಿಗಿ. ಮನಿಯವರು ಚರಗ ಚೆಲ್ಲಿ ಬಂದು ಊಟಾ ಮಾಡಿ ಟಾವೆಲ್ ಹಾಸಿ ಮಲಗಿಬಿಟ್ಟರು.

ಬೇವಿನ ಗಿಡದ ಕೆಳಗ ನಾನು, ಅಕ್ಕ ಇಬ್ಬರ ಉಳದ್ವಿ. ಅಕ್ಕ ಕಿವಿಗೆ ಸೆರಗು ಸುತ್ತಿ ಕುಂತಿದ್ದಳು. ಬಲಗೈ ಸೆರಗಿನ ಒಳಗ. ಪುಂಡಿಪಲ್ಯ ತಿಂದು ನನಗೂ ಕಣ್ಣು ಭಾರ ಆಗಿದ್ದವು, ಮಾತು ತಗಿಯಾಕ ಮನಸ್ಸಾಗಲಿಲ್ಲ. ಸುನಿತಾನ ಗುಂಗು ಹಚ್ಚಿ ಫೋನ್ ನಡುವ ಇಟ್ಟೆ.

ಎಷ್ಟು ಹೊತ್ತಾತೋ. ಗಾಳಿ ಬಂದಾಗ ಜ್ವಾಳದ ಗರಿ ಸಪ್ಪಳ, ದೂರ ಯಾರದೋ ಪಂಪಿನ ಸಪ್ಪಳ, ಎಲ್ಲಾ ಅದರಾಗ ಬಂದು ಕೂಡಿದವು. ಮೊದಲಿಂದ ಅದರಾಗ ಇದ್ದವೇನೋ ಅನ್ನೂಹಂಗ.

"ಇದು ನನ್ನ ಪೇಟಿ ಶ್ರುತಿ" ಅಂದಳು ಅಕ್ಕ.

ಹೌದು, ಸುನಿತಾ ಮಾಡಿದ್ದು ಅಂದೆ. ಸುನಿತಾ ಅದನ್ನ ಹೆಂಗ ಹಿಡದಳು ಅನ್ನೂದು ಹೇಳಬೇಕಂತಿದ್ದೆ, ಅಷ್ಟರಾಗ ಅಕ್ಕ ಕಣ್ಣು ಮುಚ್ಚಿದಳು. ಬಿಟ್ಟೆ.

ಸ್ವಲ್ಪ ಹೊತ್ತಿನ ಮ್ಯಾಲ, ಕಣ್ಣು ಮುಚ್ಚಿಕೊಂಡ, "ಆ ಹುಡುಗಿ ಬೆರಳು ಎತ್ತೇ ಇಲ್ಲಲ್ಲ ಇದರಾಗ" ಅಂದಳು.

"ಒತ್ತಿ ಹಿಡಕೊಂಡು ಕುಂತಾಳ ನೋಡು" ಅಂದೆ ನಾನು.

ಅಷ್ಟ. ಆಮ್ಯಾಲ ಮನಿಯವರು ಎದ್ದು, "ಯಾವ ಊರ ಗಿರಣಿ ಇದು, ಹಬ್ಬದ ದಿನಾನೂ ಚಾಲೂ ಐತಿ" ಅಂದರು. ಅಕ್ಕ ನಕ್ಕಳು. ಬಿದ್ದ ಮ್ಯಾಲ ಅಕಿ ನಕ್ಕದ್ದು ನಾ ನೋಡಿದ್ದು ಇದ ಮೊದಲು.

ಜನವರಿ 6, 2025, ಸೋಮವಾರ

ಅಕ್ಕಗ ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟಾರ. ಒತ್ತಿ ಹಿಡೀಬೇಕು, ಅರವತ್ತು ಎಣಿಸಿ ಬಿಡಬೇಕು, ಮತ್ತ ಒತ್ತಬೇಕು. ಎಣಿಸಾಕ ಬ್ಯಾಸರ ಅಂತ ಚೆಂಡು ಗ್ವಾಡಿ ಮಾಡಿನ್ಯಾಗ ಇಟ್ಟುಬಿಟ್ಟಿದ್ದಳು. ನಾ ಗುಂಗು ಹಚ್ಚಿದೆ. ಎಣಿಸೋದು ಬ್ಯಾಡ, ಅದರಾಗ ನೀರಿನ ಸಪ್ಪಳ ಬಂದಾಗ ಬಿಡು, ಮತ್ತ ಬರೂತನಕ ಹಿಡಿ ಅಂದೆ. ನಾನೂ ಒಂದು ಲಿಂಬಿಹಣ್ಣು ಹಿಡಕೊಂಡು ಕುಂತೆ.

ದಿನಾ ನಾಕು ಗಂಟೇಕ್ಕ ಹೋಗತೀನಿ. ಏನೂ ಮಾತಾಡೂದಿಲ್ಲ, ಏನೂ ಆಗೂದಿಲ್ಲ. ಬರಿಯಾಕ ಏನೂ ಇಲ್ಲ.

ಲಿಂಬಿಹಣ್ಣು ಮೆತ್ತಗಾಗಿತ್ತು. ಚಿತ್ರಾನ್ನ ಮಾಡಿದೆ.

ಜನವರಿ 19, ರವಿವಾರ

ಬೆಳಕ ಹರಿಯೋ ಮೊದಲ ಎದ್ದು ಮಾಗಡಿ ಕೆರಿಗೆ ಹೋಗಿದ್ವಿ. ಸುನಿತಾ ಕರಕೊಂಡು ಹೋದಳು, ಅಕ್ಕ, ನಾನು, ದುರಗವ್ವ. ಥಂಡಿಗೆ ದುರಗವ್ವ ಗಂಡನ ಸ್ವೆಟರ್ ಹಾಕ್ಕೊಂಡು ಬಂದಿದ್ದಳು, ಮೊಣಕಾಲ ತನಕ.

ಶಿರಹಟ್ಟಿ ಸೀಮಿಯ ಈ ಕೆರಿ ನಾ ಬಸ್ಸಿನ್ಯಾಗಿಂದ ನೂರು ಸಲ ನೋಡೀನಿ, ಇಳದು ನಿಂತಿದ್ದಿಲ್ಲ. ಹಿಮಾಲಯ ದಾಟಿ ಬರೋ ಬಾತು, ತಲಿ ಮ್ಯಾಲ ಎರಡು ಕರಿ ಪಟ್ಟಿ. ನೀರು ತುಂಬ ಕುಂತಿದ್ದವು. ಅವು ಕುಂತಲ್ಲೇ ಒಳಗೊಳಗ ಮಾತಾಡತಾವು, ಮದಿವಿ ಮನಿಯೊಳಗ ಊಟಕ್ಕ ಕುಂತ ಮಂದಿ ಇದ್ದಂಗ. ಸೂರ್ಯ ಬರೋ ಮುಂದ ಒಂದು ಎದ್ದಿತು. ಆಮ್ಯಾಲ ಹತ್ತು. ಆಮ್ಯಾಲ ಕೆರಿನ ಎದ್ದಂಗ ಆತು. ಕಡ್ಲಿ ಹೊಲ ಮೇಯಾಕ ಹೋಗತಾವಂತ.

"ಇಪ್ಪತ್ತೈದನೇ ನಿಮಿಷಕ್ಕ ಏರತೈತಿ ಅಂದೆನಲ್ಲತ್ತಿ, ಅದು ಇದು" ಅಂದಳು ಸುನಿತಾ.

ದುರಗವ್ವ, "ಎಲ್ಲಾ ಖರೆ, ನಮ್ಮ ಕಡ್ಲಿ ಮೇಯತಾವಲ್ಲವಾ, ಅದು ಯಾವ ನಿಮಿಷಕ್ಕ ಬರತೈತಿ?" ಅಂದಳು.

ಅಕ್ಕ ಬಲಗೈ ಸೆರಗಿನಿಂದ ಹೊರಗ ತಗದು, ಬಾತು ಹೋದ ದಿಕ್ಕಿಗೆ ತೋರಿಸಿದಳು. ಬೆರಳು ಇನ್ನೂ ನೆಟ್ಟಗ ಅದಾವು, ಮಡಚವಲ್ಲವು. ತೋರಸಾಕ ಚಲೋ ಆಗ್ಯಾವು ಅಂತ ತಾನ ಅಂದಳು.

ಮುಂಡರಗಿಗೆ ಬರತೀಯೇನು ಅಂತ ಕೇಳಬೇಕಂತ ಮನಿಯಿಂದ ವಿಚಾರ ಮಾಡಿಕೊಂಡು ಹೋಗಿದ್ದೆ. ಕೇಳೂದ ಮರತುಬಿಟ್ಟೆ. ವಯಸ್ಸು ಆತು ನನಗ.

ಫೆಬ್ರವರಿ 8, ಶನಿವಾರ

ನಾಳೆ ಮುಂಡರಗಿ.

ಸುನಿತಾ ಬರೂದಿಲ್ಲ, ಶಿರಹಟ್ಟಿಯೊಳಗ ಮದಿವಿ ಆರ್ಕೆಸ್ಟ್ರಾ ಐತಿ. ಫೋನ್ ಮೈಕಿನ ಮುಂದ ಹೆಂಗ ಇಡಬೇಕು, ನಡುವ ಯಾರರ ಫೋನ್ ಮಾಡಿದ್ರ ಬರಬಾರದಂಗ ವಿಮಾನದ ಗುರುತು ಹೆಂಗ ಒತ್ತಬೇಕು, ಎಲ್ಲಾ ಕಲಿಸಿ ಹೋಗ್ಯಾಳ. ಮೂರು ಸಲ ಬರಕೊಂಡೀನಿ.

ದುರಗವ್ವಂದು ಒಂದು ಹಟ. ಪೇಟಿನೂ ಒಯ್ಯಬೇಕಂತ. "ಬಾರಸವರು ಯಾರವಾ?" ಅಂದ್ರ, "ಬಾರಸೂದು ಬ್ಯಾಡ, ಇರಲಿ. ಪೇಟಿ ಇಲ್ಲದ ಮೇಳ ಅಂದ್ರ ಮುಂಡರಗಿ ಮಂದಿ ನಗತಾರ. ಶಾಲು ಹೊಚ್ಚಿ ಮುಂದ ಇಟ್ಟರಾತು, ಹಿರ್ಯಾರು ಕುಂತಂಗ ಕುಂದರತೈತಿ" ಅಂದಳು.

ವೀರುಗ ಟಂಟಂ ತರಾಕ ಹೇಳಾಕ ಫೋನ್ ಮಾಡಿದೆ. ಅಕ್ಕ ಎತ್ತಿದಳು. "ಎಷ್ಟು ಗಂಟೇಕ್ಕ?" ಅಂದಳು.

"ಎಂಟಕ್ಕ."

"ನಾನೂ ಬರತೀನಿ. ಕೇಳಾಕ" ಅಂದಳು.

ಬಾ ಅಂದೆ. ರೊಟ್ಟಿ ಎಷ್ಟು ಬಡೀಬೇಕು ಅನ್ನೂದನ್ನ ತಿರುಗಿ ಲೆಕ್ಕ ಹಾಕಬೇಕಾತು.

ಫೆಬ್ರವರಿ 9, ರವಿವಾರ

ಎಲ್ಲಾ ಬರೀಬೇಕು. ನಗು ಇನ್ನೂ ಹೊಟ್ಟ್ಯಾಗ ಐತಿ.

ಮುಂಡರಗಿಯ ಕಲ್ಯಾಣ ಮಂಟಪ ತುಂಬ ಮಂದಿ. ನಮ್ಮ ಮೇಳದ ಪಾಳಿ ನಾಕನೇದು. ವೇದಿಕಿ ಹತ್ತಿ ಕುಂತ್ವಿ. ಮುಂದ ನಡುವ ಪೇಟಿ, ಅದಕ್ಕ ಮನಿಯವರ ಸನ್ಮಾನದ ಶಾಲು. ಪೇಟಿ ಬಾಜೂಕ ಸಣ್ಣ ಮೈಕು, ಮೈಕಿನ ಮುಂದ ಫೋನ್. ಅಕ್ಕ ಕೆಳಗ ಮೊದಲನೇ ಸಾಲಿನ್ಯಾಗ, ಕೈ ಸೆರಗಿನೊಳಗ.

ನಾ ಗುಂಗು ಹಚ್ಚಿದೆ. ಶ್ರುತಿ ತುಂಬಿತು. ಬಾಯಿ ತಗಿಯಾಕತ್ತಿದ್ದೆ, ಅಷ್ಟರಾಗ ಕಾರ್ಯಕ್ರಮದ ಸಕ್ರಪ್ಪ ಅನ್ನವರು ಓಡಿ ಬಂದು, "ಒಂದ ನಿಮಿಷ ತಾಯಂದಿರ, ಹಿರಿಯ ಕಲಾವಿದರಿಗೆ ಒಂದು ಸಣ್ಣ ಸನ್ಮಾನ ಉಳದೈತಿ" ಅಂದರು.

ಆ ಒಂದು ನಿಮಿಷ ಹದಿನೆಂಟು ನಿಮಿಷ ಆತು. ಐದು ಮಂದಿಗೆ ಹಾರ, ಐದು ಮಂದಿಗೆ ಶಾಲು, ಅವರಾಗ ಮೂವರು ಮಾತಾಡಿದರು. ಒಬ್ಬರು ತಮ್ಮ ಗುರುಗಳ ಗುರುಗಳಿಂದ ಶುರು ಮಾಡಿದರು.

ಶ್ರುತಿ ನಡದ ಇತ್ತು. ನಿಲ್ಲಸಬಹುದಿತ್ತಲ್ಲ ಅಂತ ವೀರು ಆಮ್ಯಾಲ ಕೇಳಿದ. ಅಂವಗೇನು ಗೊತ್ತು. ಮೇಳ ಕುಂತು ಶ್ರುತಿ ಹಿಡದ ಮ್ಯಾಲ ಮಂಗಳಾರತಿ ತನಕ ಅದನ್ನ ಬಿಡಬಾರದು, ದೀಪ ಹಚ್ಚಿ ಆರಿಸಿದಂಗ ಆಗತೈತಿ. ಸಿದ್ದಲಿಂಗಕ್ಕನ ಕಲಿಸಿದ ಮಾತು ಇದು. ಇಪ್ಪತ್ತೆರಡು ವರ್ಷದಾಗ ಯಾರೂ ಮುರದಿಲ್ಲ. ಕರೆಂಟ್ ಹೋದಾಗ, ಮಳಿ ಬಂದಾಗ, ಒಮ್ಮೆ ದುರಗವ್ವನ ಸೆರಗಿಗೆ ಊದಿನಕಡ್ಡಿ ಬೆಂಕಿ ಹತ್ತಿದಾಗೂ ಅಕ್ಕ ತಿದಿ ಬಿಟ್ಟಿಲ್ಲ. ನಾ ಹೆಂಗ ಬಿಡಲಿ? ಇಪ್ಪತ್ತೈದು ನಿಮಿಷದ ಮಾತು ನನಗ ನೆನಪ ಆಗಲಿಲ್ಲ. ನಿಮಿಷ ಎಣಿಸೂದು ನಾವು ಹಾಡಾಕ ಶುರು ಮಾಡಿದಾಗಿಂದ ಅಂತ ತಿಳಕೊಂಡಿದ್ದೆ.

ಮೊದಲ ಪದ ಚಲೋ ಹೋತು. ಎರಡನೇ ಪದದಾಗ ಯಾಕೋ ಉಮೇದಿ ಬಂತು, ಎದಿ ಬಿಚ್ಚಿ ಹಾಡಾಕತ್ತೆ. ಮುಂದಿನ ಸಾಲಿನ ಮಂದಿ ನೆಟ್ಟಗ ಕುಂತರು. ಇದು ಭಕ್ತಿ ಅಂತ ನಾ ತಿಳಕೊಂಡೆ. ಮೂರನೇ ಪದಕ್ಕ ಬಂದಾಗ ದುರಗವ್ವನ ಕೊರಳ ನರ ಹಗ್ಗ ಆಗಿದ್ದವು, ಕಣ್ಣು ಹೊರಗ ಬಂದಿದ್ದವು, ಹಿಮ್ಮೇಳದ ಮೂವರೂ ಹಿಮ್ಮಡಿ ಮ್ಯಾಲ ಎದ್ದು ಕುಂತಿದ್ದರು. ಸ್ವರ ಒಂದೊಂದ ಕೂದಲೆಳಿಯಷ್ಟು ಏರಕೋತ ಹೊಂಟಿತ್ತು, ನಾವು ಅದರ ಬೆನ್ನು ಬಿಡದ ಏರಕೋತ ಹೊಂಟಿದ್ವಿ. ಕೆಳಗ ಯಾರೋ ಹಿರ್ಯಾರು, "ಆಹಾ, ಬೆಟಗೇರಿ ತಾಯಂದಿರ ಕೊರಳು ನೋಡ್ರಿ" ಅಂದದ್ದು ಕೇಳಿಸಿತು. ಇನ್ನೊಂದು ನುಡಿ ಬಾಕಿ ಇತ್ತು. ಅದರ ಎತ್ತರದ ಸಾಲು ನೆನಸ್ಕೊಂಡು ನನ್ನ ಕಾಲು ತಣ್ಣಗಾದವು. ನನ್ನ ಧ್ವನಿ ಒಡದು ಹೋತು. ಸುಮ್ಮನ ಬಾಯಿ ಆಡಿಸಿದೆ.

ಆವಾಗ ಅಕ್ಕ ಎದ್ದಳು.

ಮೆಟ್ಟಲ ಹತ್ತಿ ಬಂದಳು, ಅವಸರ ಇಲ್ಲ. ಶಾಲು ತಗದು ನನ್ನ ತೊಡಿ ಮ್ಯಾಲ ಹಾಕಿದಳು. ಪೇಟಿ ಬಿಚ್ಚಿದಳು. ಎಡಗೈ ತಿದಿಗೆ ಹೋತು. ಬಲಗೈಯ ಆ ನೆಟ್ಟಗಿನ ನಡುಬೆರಳು ಕರಿ ಎರಡರ ಮ್ಯಾಲ ಇಳೀತು, ಅಲ್ಲೇ ನಿಂತಿತು.

ಎರಡು ಶ್ರುತಿ ಒಂದಕ್ಕೊಂದು ಜಗಳಾಡಿದವು. ಅಕ್ಕ ನನ್ನ ಕಡೆ ನೋಡಿ ಫೋನಿನ ಕಡೆ ಗದ್ದ ಮಾಡಿದಳು. ನನಗ ಅದನ್ನ ಬಂದ್ ಮಾಡಾಕ ಕೈ ಓಡಲಿಲ್ಲ. ದುರಗವ್ವ ಫೋನ್ ಎತ್ತಿ ನನ್ನ ಚೀಲದಾಗ ರೊಟ್ಟಿ ಗಂಟಿನ ಕೆಳಗ ತುರುಕಿ ಮ್ಯಾಲ ಶಾಲು ಒತ್ತಿದಳು.

ಪೇಟಿ ಒಂದ ಉಳೀತು. ಒಂದ ಸ್ವರ. ಅಕ್ಕ ಪದ ಬಾರಸಲಿಲ್ಲ, ಸರಿಗಮ ಇಲ್ಲ, ಏನೂ ಇಲ್ಲ. ಒತ್ತಿ ಹಿಡಕೊಂಡು ಕುಂತಳು. ನಾನೂ ಹಾಡಲಿಲ್ಲ. ಮಂದಿ ಕೆಮ್ಮಿದರು, ಆಮ್ಯಾಲ ಕೆಮ್ಮೂ ನಿಂತಿತು. ಸಕ್ರಪ್ಪನವರು ಮೈಕಿನ ಕಡೆ ಒಂದು ಹೆಜ್ಜಿ ಇಟ್ಟು ಅಲ್ಲೇ ನಿಂತರು. ಉಸಿರು ತನ್ನ ಜಾಗಾಕ್ಕ ಬರೂತನಕ ಕುಂತಿದ್ದೆ. ಆಮ್ಯಾಲ ಕೊನೇ ನುಡಿ ಕೆಳಗಿನಿಂದ ತಗದೆ. ಹಿಂಗ ಸಾವಕಾಶ ನಾವು ಎಂದೂ ಹಾಡಿದ್ದಿಲ್ಲ. ನುಡಿ ನುಡಿ ನಡುವ ಪೇಟಿ ಒಂದ.

ಮಂಗಳಾರತಿ ತನಕ ಅಕ್ಕ ಬೆರಳು ಎತ್ತಲಿಲ್ಲ.

ಕೆಳಗ ಇಳದಾಗ ಸಕ್ರಪ್ಪನವರು ಕೈ ಮುಗದು, "ಏನವ್ವಾ ಇದು, ಮುಗಲಿಗೆ ಒಯ್ದು ನೆಲಕ್ಕ ತಂದು ಬಿಟ್ಟಿರಿ. ಹಿಂಗ ಯಾರು ಕಲಿಸಿದರು?" ಅಂದರು.

ದುರಗವ್ವ, "ಬಾತುಕೋಳಿರಿ" ಅಂದಳು.

ಟಂಟಂನ್ಯಾಗ ಬರೂ ಮುಂದ ನಡು ನಡುವ ಯಾರರ ಒಬ್ಬರು ನಗತಿದ್ದರು, ಆಮ್ಯಾಲ ಎಲ್ಲಾರೂ. ಅಕ್ಕ ತನ್ನ ಬೆರಳು ನೋಡಕೋತ, "ಓಡಾಕ ಬರೂದಿಲ್ಲ. ಕುಂದ್ರಾಕ ಬರತೈತಿ" ಅಂದಳು. ಯಾರಿಗೆ ಅಂದಳೋ.

ಮೊದಲು ನಮ್ಮ ಓಣಿ ಬಂತು. ಪೇಟಿ ಇಳಸಾಕ ವೀರು ಇಳದ.

"ಇಲ್ಲಿ ಬ್ಯಾಡಲೇ. ನಮ್ಮ ಮನಿಗೆ ಇಳಸು" ಅಂದಳು ಅಕ್ಕ.

ನಾ ಅಕಿ ತೊಡಿ ಮ್ಯಾಲ ಶಾಲು ಹೊಚ್ಚಿ ಇಳದೆ. "ಬ್ಯಾರೆ ಯಾರನ್ನರ ಅಂತ ಅಂದಿದ್ದೆ ನೋಡಕ್ಕ..." ಅಂದೆ.

"ಗೊತ್ತು ಹೋಗು, ರೊಟ್ಟಿ ಉಳದಾವು, ಒಣಗತಾವು" ಅಂದಳು.

ಫೆಬ್ರವರಿ 13, ಗುರುವಾರ

ಭಜನಿ ಅಕ್ಕನ ಮನಿಯೊಳಗ ಆತು. ಅಕ್ಕ ಒಂದು ಬೆರಳಿನ ಪೇಟಿ, ನಾವು ಐದು ಮಂದಿ. ಗ್ವಾಡಿ ಆಚೆಯಿಂದ ಬ್ಯಾಡ, ಎದುರಿಗೆ ಕುಂತು ಕೇಳತೀನಂತ ಲಾಲಬಿ ಕಂಡಿಕಿ ಬುಟ್ಟಿ ಹಿಡಕೊಂಡ ಬಂದಿದ್ದಳು. ಪದದ ನಡುವ ಇಷ್ಟು ಹೊತ್ತು ಬಿಟ್ಟರ ಮುಗಿಯೂದು ಯಾವಾಗ ಅಂತ ದುರಗವ್ವ ಒಮ್ಮೆ ಅಂದಳು. ಅಕ್ಕ ತಿದಿ ಒತ್ತಿದಳು, ಅಕಿ ತಾಳ ಎತ್ತಿದಳು.

ಮುಂಡರಗಿ ಕಥಿ ಕೇಳಿ ಸುನಿತಾ ಫೋನಿನ್ಯಾಗ ನಕ್ಕಳು, ಆಮ್ಯಾಲ ಅತ್ತಳೋ ಏನೋ, ಮೂಗು ಏರಸ್ತಿದ್ದಳು. ಮುಂದಿನ ಆಲ್ಬಂಗೆ ಸಿದ್ದತ್ತಿ ಬೆರಳು ಬೇಕಂತ. "ಎಷ್ಟು ನಿಮಿಷ ಒತ್ತಬೇಕಂತ ಕೇಳು" ಅಂದಳು ಅಕ್ಕ.

ಮನಿಗೆ ಬಂದು ದೀಪ ಹಚ್ಚಿ, ಹಾಲು ಮೊದಲ ಕಾಸಿ ಇಳಿಸಿ, ಕಟ್ಟಿ ಮ್ಯಾಲ ಕುಂತು ಗುಂಗು ಹಚ್ಚಿದೆ. ಡಿಸೆಂಬರದಾಗ ಕೊಟ್ಟ ಮಾತು. ಇವತ್ತ ಕಡೀತನಕ ಕೇಳಿದೆ, ಅರವತ್ತೆರಡೂ ನಿಮಿಷ. ಮನಿಯವರು ಪೇಪರ್ ಮಡಚಿಟ್ಟು ಬಾಜೂಕ ಕುಂತಿದ್ದರು, ಗಿರಣಿ ಅನ್ನಲಿಲ್ಲ.

ಇಪ್ಪತ್ತೈದಕ್ಕ ಏರಿತು. ನಲವತ್ತಕ್ಕ ನಮ್ಮ ಕಾಲು ತಣ್ಣಗಾದ ಜಾಗಾ ಬಂತು, ನಗು ಬಂತು. ಐವತ್ತಕ್ಕ ಸಾವಕಾಶ ತಿರುಗಿತು. ನಾ ಎಂದೂ ಮುಟ್ಟದ ಜಾಗಾ ಅದು. ಇಳಕೋತ ಇಳಕೋತ ಬಂದು, ರೆಕ್ಕಿ ಸಪ್ಪಳ, ನೀರಿನ ಸಪ್ಪಳ, ಕೊನೇಕ ಅಕ್ಕನ ಕರಿ ಎರಡಕ್ಕ ಬಂದು ಕುಂತಿತು. ಬಾತು ಸಂಜಿಗೆ ಕೆರಿಗೆ ಬಂದಂಗ.

ಅಕ್ಕಗ ಫೋನ್ ಹಚ್ಚಿದೆ. "ಅಕ್ಕಾ, ಕೇಳ ಇಲ್ಲೆ. ಇನ್ನ ಇಪ್ಪತ್ತು ನಿಮಿಷ ಹಾಡಿದ್ರ ಅದ ನಮ್ಮನ್ನ ಕೆಳಗ ತಂದು ಬಿಡತಿತ್ತು."

"ಬದುಕಿದ್ರ" ಅಂದಳು ಅಕ್ಕ.

ನಕ್ಕಿವಿ. ಆಮ್ಯಾಲ ಅಕಿ ಸುಮ್ಮನಾದಳು. ಆ ಕಡೆ ವೀರು ಟಂಟಂ ಒರಸೂ ಸಪ್ಪಳ, ಯಾರದೋ ಮಗ್ಗದ ಸಪ್ಪಳ ಬರತಿತ್ತು. ಮಗ್ಗ ನಿಂತಿತು. ಆಮ್ಯಾಲ ಅಕ್ಕನ ಉಸಿರು ಒಂದ.

ಕಟ್ಟಿ ತಣ್ಣಗಾಗಿತ್ತು. ಫೋನ್ ಕಿವಿಗೆ ಬೆಚ್ಚಗಿತ್ತು. ಇಬ್ಬರೂ ಇಡಲಿಲ್ಲ.